ಬೊದಿಲ್‌ಳ ಸೈಕಲ್ ಫ್ರೆಂಚ್

ನಮ್ಮ ಪಕ್ಕದ ಮನೆಯ ಬೊದಿಲ್ ಅರವತ್ತು ದಾಟಿದ ಮೇಲೆ ಫ್ರೆಂಚ್ ಕಲಿತಳು. ಪೂರ್ತಿ ಫ್ರೆಂಚ್ ಅಲ್ಲ. ಪ್ಯಾರಿಸ್ಸಿನಲ್ಲಿ ಇಳಿಸಿದರೆ ಒಂದು ಲೋಟ ನೀರು ಕೇಳಲೂ ಅವಳಿಗೆ ಬಾರದು. ಆದರೆ ಸೈಕಲ್ ರೇಸಿನವರ ನೀರಿನ ಬಾಟಲಿಗೆ ಏನೆನ್ನುತ್ತಾರೆ ಎಂದು ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತಾಳೆ: ಬಿದೊಂ.

ಇದಕ್ಕೆಲ್ಲ ಕಾರಣ ಅವಳ ಒಬ್ಬನೇ ಮಗ ಎಸ್ಕಿಲ್. ಓದು ಬಿಟ್ಟು ಫ್ರಾನ್ಸಿನ ಯಾವುದೋ ಸೈಕಲ್ ತಂಡಕ್ಕೆ ಸೇರುತ್ತೇನೆಂದು ಅವನು ಹೊರಟಾಗ ಬೊದಿಲ್ ಗೇಟಿನ ಹತ್ತಿರ ನಿಂತು, "ಹೋಗು! ಮತ್ತೆ ಈ ಕಡೆ ತಲೆ ಹಾಕಬೇಡ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಹುಡುಗನಿಗೂ ತಾಯಿಯದೇ ಹಟ, ನಾಲ್ಕು ವರ್ಷ ಈ ಕಡೆ ತಲೆ ಹಾಕಲಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಫೋನು, ಅದರಲ್ಲೂ ಬರೀ ಚಳಿಯ ವಿಷಯ.

ಅವನು ಓಡುವ ಸಣ್ಣಪುಟ್ಟ ರೇಸುಗಳನ್ನು ನಮ್ಮ ಡೆನ್ಮಾರ್ಕಿನ ಟಿವಿಯವರು ತೋರಿಸುತ್ತಿರಲಿಲ್ಲ. ಮಗನ ಹೆಸರು ಎಲ್ಲಾದರೂ ಕಿವಿಗೆ ಬಿದ್ದೀತೆಂದು ಬೊದಿಲ್ ಫ್ರೆಂಚ್ ಚಾನೆಲ್ ಹಾಕಿಸಿಕೊಂಡಳು. ನಾನು ಹಿಂದೆ ಫ್ರೆಂಚ್ ಹಡಗೊಂದರಲ್ಲಿ ಅಡುಗೆಯವನಾಗಿದ್ದೆನಲ್ಲ, ನನ್ನನ್ನೇ ಮೇಷ್ಟ್ರು ಮಾಡಿಕೊಂಡಳು. ನನಗೆ ಬರುತ್ತಿದ್ದದ್ದು ಬೈಗುಳ ಮತ್ತು ಮೀನಿನ ಹೆಸರು ಮಾತ್ರ.

"ಈಗೇನಂದ ಅವನು?" ಎಂದು ಟಿವಿಯಲ್ಲಿ ರೇಸಿನ ವಿವರ ಹೇಳುವವನ ಕಡೆ ಕೈ ತೋರಿಸಿ ಕೇಳುತ್ತಿದ್ದಳು.

"ನಂಗೇನ್ ಗೊತ್ತು? ಮೀನಿನ ಮಾತಂತೂ ಅಲ್ಲ."

"ನಿನ್ನನ್ನ ಆ ಹಡಗಿನೋರು ಸಮುದ್ರಕ್ಕೆ ಎಸೀದೆ ಹೆಂಗೆ ಇಟ್ಕೊಂಡಿದ್ರಯ್ಯ!"

ಆ ಬೇಸಿಗೆಯ ಮಧ್ಯಾಹ್ನಗಳು ನನಗೆ ಈಗ ಕನಸಿನ ಹಾಗೆ ನೆನಪಾಗುತ್ತವೆ. ಪರದೆ ಎಳೆದ ಕೋಣೆ, ಆರಿದ ಕಾಫಿ, ಟಿವಿಯ ತುಂಬ ಸೂರ್ಯಕಾಂತಿಯ ಹೊಲ, ಮೇಲಿಂದ ಗುಂಯ್‌ಗುಡುವ ಹೆಲಿಕಾಪ್ಟರು. ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಇಬ್ಬರಿಗೂ ಜೊಂಪು ಹತ್ತುತ್ತಿತ್ತು. ಕಣ್ಣು ಬಿಟ್ಟಾಗ ರೇಸು ಬೇರೆ ಯಾವುದೋ ಊರಿನಲ್ಲಿ, ಅವಳ ನಾಲಿಗೆಯ ಮೇಲೆ ಹೊಸದೊಂದು ಮಾತು. ಎಲ್ಲರೂ ಒಟ್ಟಾಗಿ ಹೋಗುವ ದೊಡ್ಡ ಗುಂಪು, ಪೆಲೊತೊಂ. ಪಕ್ಕದಿಂದ ಗಾಳಿ ಹೊಡೆದಾಗ ಆ ಗುಂಪು ಹರಿದು ಚೂರುಚೂರಾಗುವುದು, ಬೋರ್ದ್ಯೂರ್. ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಅವನ್ನೇ ಗುನುಗುತ್ತಿದ್ದಳು. "ಬೊದಿಲ್ ಚಾದರಕ್ಕೆ ಮಂತ್ರ ಹಾಕ್ತಾ ಇದಾಳೆ" ಎಂದು ದಿನಸಿ ಅಂಗಡಿಯ ಗೇರ್ದಾ ಊರಿಗೆಲ್ಲ ಹೇಳಿದಳು.

ಒಂದು ಮಾತು ಮಾತ್ರ ಬೊದಿಲ್‌ಳ ನಿದ್ದೆ ಓಡಿಸಿತ್ತು: ಓರ್ ದೆಲೆ. ಗೆದ್ದವನು ಬಂದ ಮೇಲೆ ಇಷ್ಟು ಹೊತ್ತು ಎಂದು ಗಡುವು. ಅಷ್ಟರೊಳಗೆ ಮುಟ್ಟದವನು ಓರ್ ದೆಲೆ, ಮರುದಿನ ಅವನಿಗೆ ರೇಸಿಲ್ಲ.

"ಆಮೇಲೆ? ಮನೆಗೆ ಕಳಿಸಿಬಿಡ್ತಾರಾ?" ಎಂದಳು, ಮೆಲ್ಲಗೆ.

"ಇನ್ನೇನು, ಹೊತ್ಕೊಂಡು ತಿರುಗ್ತಾರಾ?" ಎಂದೆ.

ಈ ಸಲ ವಾರಗಟ್ಟಲೆ ನಡೆಯುವ ಫ್ರಾನ್ಸಿನ ದೊಡ್ಡ ರೇಸಿನ ಮೊದಲ ದಿನಗಳನ್ನು ಡೆನ್ಮಾರ್ಕಿನಲ್ಲಿ, ನಮ್ಮ ಕಡೆಯೇ ಇಟ್ಟರು. ಎಸ್ಕಿಲ್‌ಗೂ ಅದರಲ್ಲಿ ಜಾಗ ಸಿಕ್ಕಿತ್ತು. ಫೋನು ಮಾಡಿ, "ಅಮ್ಮ, ನಮ್ಮನೆ ಮುಂದೇನೇ ಬರ್ತೀವಿ. ನಾನು ನಿಲ್ತೀನಿ" ಎಂದ. ಅದೊಂದು ಪದ್ಧತಿ. ಹುಡುಗನ ಸ್ವಂತ ಊರು ಬಂದಾಗ ಉಳಿದವರು ಅವನನ್ನು ಸ್ವಲ್ಪ ಮುಂದೆ ಬಿಡುತ್ತಾರೆ. ಅವನು ಇಳಿದು, ಮನೆಯವರನ್ನು ಅಪ್ಪಿಕೊಂಡು, ಮತ್ತೆ ಹತ್ತುತ್ತಾನೆ. ಬೊದಿಲ್ ಫೋನು ಕೆಳಗಿಟ್ಟು, "ನಿಲ್ತಾನಂತೆ ಕಣಯ್ಯ" ಎಂದು ಏಪ್ರನ್ನಿಗೆ ಮುಖ ಒತ್ತಿಕೊಂಡಳು.

ಆ ದಿನ ಗೇಟಿನ ಮುಂದೆ, ರಸ್ತೆ ಪಕ್ಕದಲ್ಲೇ, ಕಾಫಿ ಮೇಜು ಹಾಕಿದಳು. ನಮ್ಮ ಕಡೆಯ ಕಾಫಿ ಮೇಜೆಂದರೆ ಸುಮ್ಮನೆ ಅಲ್ಲ, ಮೆತ್ತನೆಯ ಕೇಕು ಏಳು ಬಗೆ, ಗರಿಗರಿ ಬಿಸ್ಕತ್ತು ಏಳು ಬಗೆ. ನಡುವೆ ಎಸ್ಕಿಲ್‌ಗೆ ಇಷ್ಟವಾದ ರೈ ಬ್ರೆಡ್ಡಿನ ಕೇಕು. ಊರೆಲ್ಲ ಬಾವುಟ ಹಿಡಿದು ನಿಂತಿತ್ತು. ಬೊದಿಲ್ ಮಾತ್ರ ಹಗ್ಗದ ಮೇಲಿನ ಚಾದರವನ್ನೇ ನೋಡುತ್ತಿದ್ದಳು. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಅದು ರಸ್ತೆಗೆ ಅಡ್ಡಲಾಗಿ ಬಡಿದುಕೊಳ್ಳುತ್ತಿತ್ತು.

"ಬೋರ್ದ್ಯೂರ್" ಎಂದಳು. ಮುಖ ಬಿಳಿಚಿಕೊಂಡಿತ್ತು. "ಇವತ್ತು ಯಾರೂ ಯಾರನ್ನೂ ಮುಂದೆ ಬಿಡಲ್ಲ ಕಣಯ್ಯ."

ಹಾಗೇ ಆಯಿತು. ಮೊದಲ ಚೂರು ಬಂತು, ತಲೆ ತಗ್ಗಿಸಿಕೊಂಡು ಹಾರಿಹೋಯಿತು. ಎಸ್ಕಿಲ್ ಅದರಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಕಾರುಗಳು ಹೋದವು. ಜನ ಬಾವುಟ ಸುತ್ತಿಕೊಳ್ಳಲು ಶುರುಮಾಡಿದರು. ಆಗ ಬಂದ, ಒಬ್ಬನೇ. ಹಿಂದೆ ಸೋತವರನ್ನು ಎತ್ತಿಕೊಳ್ಳುವ ವ್ಯಾನು. ತಂಡದ ನಾಯಕನಿಗೆ ಗಾಳಿ ತಾಗದಂತೆ ಅವನ ಮುಂದೆ ತುಳಿದು ತುಳಿದು ಉಸಿರು ಕಳೆದುಕೊಂಡಿದ್ದ. ಮೇಜು ಕಂಡಿತು, ಅಮ್ಮ ಕಂಡಳು. ಬ್ರೇಕ್ ಹಿಡಿದ, ಒಂದು ಕಾಲು ಪೆಡಲಿನಿಂದ ತೆಗೆದ.

ಬೊದಿಲ್ ಓಡಿದಳು. ಅಪ್ಪಿಕೊಳ್ಳುತ್ತಾಳೆಂದು ಗೇರ್ದಾ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಿಲ್ಬೇಡ! ಓರ್ ದೆಲೆ, ಓರ್ ದೆಲೆ! ಹೋಗೋ! ಹೋಗು!"

ಹುಡುಗ ಒಂದು ಗಳಿಗೆ ಬೆಪ್ಪಾಗಿ ನೋಡಿದ. ಆಮೇಲೆ ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಕಾಲು ಪೆಡಲಿಗೆ ಹೋಯಿತು. ಬೊದಿಲ್ ಪಕ್ಕದಲ್ಲೇ ಓಡುತ್ತ ಅವನ ಅಂಗಿಯ ಬೆನ್ನಜೇಬಿಗೆ ಕೇಕಿನ ತುಂಡು ತುರುಕಿದಳು. ಕೇಕು ಜೇಬಿಗಿಳಿದ ಮೇಲೂ ಅವಳ ಕೈ ಅವನ ಬೆನ್ನ ಮೇಲೆಯೇ ಇತ್ತು. ಆಮೇಲೆ ಸೈಕಲ್ಲು ಅವಳಿಗಿಂತ ಜೋರಾಯಿತು.

"ಇನ್ನೂ ಹೋಗಿಲ್ಲ ನೋಡು ಆ ಸಿಟ್ಟು. ಹೆತ್ತ ಮಗನ್ನ ಹಿಂಗಾ ಅಟ್ಟೋದು?" ಎಂದಳು ಗೇರ್ದಾ. ಸರಿಯಾಗಿ ಬೈಯೋಣವೆಂದುಕೊಂಡೆ. ನನಗೆ ಬರುವ ಬೈಗುಳವೆಲ್ಲ ಫ್ರೆಂಚಿನಲ್ಲಿತ್ತು.

ಒಳಗೆ ಬಂದು ಟಿವಿಯ ಮುಂದೆ ಕೂತೆವು. ಪರದೆ ಎಳೆಯಲೂ ಪುರುಸೊತ್ತಿಲ್ಲ. ಗಡುವು ಮುಗಿಯಲು ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಇಲ್ಲದಾಗ ಅವನು ಗೆರೆ ದಾಟಿದ. ಟಿವಿಯ ಆ ಫ್ರೆಂಚ್ ಮನುಷ್ಯ ಅವನ ಹೆಸರನ್ನು ಅಡ್ಡಾದಿಡ್ಡಿಯಾಗಿ ಹೇಳಿದ. ನಾಲ್ಕು ವರ್ಷದಲ್ಲಿ ಅದೇ ಮೊದಲು. ಬೊದಿಲ್ ನನ್ನ ತೋಳನ್ನು ನೋಯುವಷ್ಟು ಹಿಡಿದಿದ್ದಳು.

ಸಂಜೆ ಫೋನು ಬಂತು. ಅವನ ದನಿ ನನಗೂ ಕೇಳುತ್ತಿತ್ತು.

"ಅಮ್ಮ, ನೀನು ನಿಲ್ಲಿಸ್ಕೊಂಡಿದ್ರೆ ನಾನೀಗ ಮನೇಲಿರ್ತಿದ್ದೆ."

"ಗೊತ್ತಿತ್ತು ಕಣೋ" ಎಂದಳು ಬೊದಿಲ್.