ಕೆಂಚಿಯ ಕಾಲಿನ ಗೆರೆಗಳು

ಇವತ್ತು ಬೆಳಿಗ್ಗೆ ಕೆಂಚಿಯ ಮೈ ಬಾಚಲು ಕೂತಿದ್ದೆ. ಬಾಚಣಿಗೆ ಎಡ ಮುಂಗಾಲಿನ ಮೇಲ್ಭಾಗಕ್ಕೆ ಬಂದಾಗ ಎಂದಿನಂತೆ ಕೈ ನಿಧಾನವಾಯಿತು. ಮೈಯೆಲ್ಲ ಕೆಂಚಗಿರುವ ಈ ನಾಯಿಗೆ ಅಲ್ಲಿ ಮಾತ್ರ ಅಂಗೈಯಗಲ ಬೆಳ್ಳನೆಯ ಕೂದಲು. ನೋಡಿದವರು ಹುಟ್ಟುಮಚ್ಚೆ ಅಂದುಕೊಳ್ಳುತ್ತಾರೆ. ಅದು ಮೂರು ವರ್ಷದ ಹಿಂದೆ ವಿಕಿರಣ ಬಿದ್ದ ಜಾಗ. ಉದುರಿದ ಕೂದಲು ಮತ್ತೆ ಬರುವಾಗ ಬಣ್ಣ ಬಿಟ್ಟು ಬಂತು. ನನ್ನ ತಲೆ ಬೆಳ್ಳಗಾಗಿದ್ದೂ ಆ ವರ್ಷವೇ. ಅದಕ್ಕೆ ಮಾತ್ರ ಯಾವ ಯಂತ್ರವೂ ಬೇಕಾಗಲಿಲ್ಲ.

ಕೆಂಚಿಯನ್ನು ಕೊಟ್ಟವನು ನನ್ನ ತಮ್ಮ ಈರಣ್ಣ. ಅವನು ಗುಮ್ಮಘಟ್ಟದ ಕಡೆ ಕುರಿ ಸಾಕುತ್ತಾನೆ, ನಾನು ರಾಯದುರ್ಗದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನನ್ನ ಯಜಮಾನರು ತೀರಿಕೊಂಡ ವರ್ಷ ಕಂಬಳಿಯಲ್ಲಿ ಸುತ್ತಿದ ಮರಿಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿ, "ಒಬ್ಬಾಕೀನ ಇರ್ತಿ. ಇದು ಇರ್ಲಿ ಬಿಡು" ಅಂದು ಚಹಾ ಕೂಡ ಕುಡಿಯದೆ ಹೋದ. ಸಮಾಧಾನ ಹೇಳಲು ಬಂದವರಲ್ಲಿ ಇಷ್ಟು ಕಡಿಮೆ ಮಾತಾಡಿದವನು ಅವನೊಬ್ಬನೇ. ಆಮೇಲೆ ನನ್ನ ಮನೆಯಲ್ಲಿ ಇನ್ನೊಂದು ಉಸಿರಿನ ಸದ್ದು ಅಂತ ಇದ್ದಿದ್ದು ಕೆಂಚಿಯದು.

ಅಂಥವಳ ಕಾಲ ಮೇಲೆ ಹುಣಸೆ ಬೀಜದಷ್ಟು ಗಂಟು ಕಂಡಾಗ ನಾನು ಏನು ಮಾಡಿದೆ ಅಂತೀರಿ? ಏನೂ ಮಾಡಲಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ ಅಂದೆ, ದಸರೆ ಕಳೆಯಲಿ ಅಂದೆ. ಹೋಂವರ್ಕ್ ಮುಂದಕ್ಕೆ ಹಾಕುವ ಮಕ್ಕಳನ್ನು ಬೈಯುವ ಬಾಯಿ ಇದು. ಗಂಟು ನಿಂಬೆ ಹಣ್ಣಿನಷ್ಟಾದ ಮೇಲೆ ದೂರದ ನಗರದ ಪ್ರಾಣಿ ಆಸ್ಪತ್ರೆಗೆ ಓಡಿದೆ. ಕೊಯ್ದು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು, ಬೇರು ಇನ್ನೂ ಒಳಗಿದೆ ಅಂದರು. ಇಲ್ಲವೇ ಕಾಲು ತೆಗೆಯಬೇಕು, ಇಲ್ಲವೇ ವಾರಕ್ಕೊಮ್ಮೆಯಂತೆ ನಾಲ್ಕು ವಾರ ವಿಕಿರಣ ಕೊಡಬೇಕು. ನಾನು ಕಾಲು ಬಿಟ್ಟುಕೊಡಲಿಲ್ಲ.

ನಮ್ಮ ಕಡೆ ಇದಕ್ಕೆ ಕರೆಂಟ್ ಇಡಿಸುವುದು ಅನ್ನುತ್ತಾರೆ. "ಕುಕ್ಕಕಿ ಕರೆಂಟಾ ಟೀಚರಮ್ಮ!" ಎಂದು, ನಾಯಿಗೂ ಕರೆಂಟಾ ಅಂತ, ಎದುರುಮನೆಯಾಕೆ ತೆಲುಗಿನಲ್ಲಿ ನಕ್ಕಳು. ನಗಲಿ ಅಂತ ಬೀದಿಗೆಲ್ಲ ನಾನೇ ವಿವರಿಸಿದೆ. ಈ ವಿಕಿರಣದ ವಿಷಯ ಹೇಳದೆ ಉಳಿದದ್ದು ಈರಣ್ಣನೊಬ್ಬನಿಗೆ. ಕ್ಯಾನ್ಸರ್ ಅಂತ ಫೋನ್ ಮಾಡಿದ ದಿನ ಅವನು, "ಗಂಟು ಕಂಡ ದಿನಾನ ಬರಿ ಹಾಕಿದ್ರ ಮುಗೀತಿತ್ತು" ಅಂದಿದ್ದ. ಕಾದ ಕಬ್ಬಿಣದಿಂದ ಸುಡುವ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿ ಫೋನ್ ಇಟ್ಟುಬಿಟ್ಟೆ. ಅದರ ಫಲ ಆಮೇಲೆ ಉಂಡೆ.

ಮೊದಲ ವಾರ ಕೆಂಚಿಗೆ ಮತ್ತು ಬರಿಸಿ ಮಲಗಿಸಿ, ಕೂದಲು ಬೋಳಿಸಿದ ಕಾಲಿನ ಮೇಲೆ ನೇರಳೆ ಶಾಯಿಯಲ್ಲಿ ಅಡ್ಡ ಉದ್ದ ಗೆರೆ ಎಳೆದು ಮೊದಲ ಸಲದ ವಿಕಿರಣ ಕೊಟ್ಟರು. ಆ ಗೆರೆಗೆ ಹೊಂದಿಸಿಯೇ ಯಂತ್ರ ಕಿರಣ ಬಿಡುತ್ತದೆ. ಡಾಕ್ಟರಮ್ಮ, "ಈ ಗೆರೆ ನಾಲ್ಕು ವಾರ ಇರಬೇಕಮ್ಮ. ನೀರು ತಾಗಿಸಬೇಡಿ, ನೆಕ್ಕೋಕೆ ಬಿಡಬೇಡಿ" ಎಂದು ಎರಡೆರಡು ಸಲ ಹೇಳಿದರು. ನಾನು ಅವಳ ಕೊರಳಿಗೆ ಅಗಲವಾದ ಪಟ್ಟಿ ಕಟ್ಟಿ, ಮನೆಯ ಬಕೆಟ್ಟುಗಳನ್ನೆಲ್ಲ ಒಳಗಿಟ್ಟೆ.

ಮೂರನೇ ದಿನ ಶಾಲೆಯಿಂದ ಬಂದರೆ ಜಗುಲಿಯ ಮೇಲೆ ಈರಣ್ಣ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ, ಸೋಪು. ಕೆಂಚಿಯ ಕಾಲು ತೊಳೆದ ಬಟ್ಟಲಿನಂತೆ ಹೊಳೆಯುತ್ತಿತ್ತು. ಅದರ ನಡುವೆ ಕೆಮ್ಮಣ್ಣಿನ ಒಂದು ಪಟ್ಟೆ.

"ಯಾರದೋ ಗುರುತು ನಮ್ಮ ನಾಯಿ ಮ್ಯಾಲ ಯಾಕ ಇರಬೇಕಕ್ಕ? ತಿಕ್ಕಿ ತಿಕ್ಕಿ ತೆಗದೀನಿ. ನಮ್ದು ಹಾಕೀನಿ ನೋಡು."

ಅವನದೇನು ತಪ್ಪು, ನೀವೇ ಹೇಳಿ. ಸಂತೆಯಿಂದ ಕುರಿ ತಂದರೆ ಮಾರಿದವನ ಗುರುತು ಅಳಿಸಿ ತಮ್ಮದು ಹಾಕಿದ ಮೇಲೆಯೇ ದೊಡ್ಡಿಗೆ ಬಿಡುವ ಮನೆತನ ನಮ್ಮದು. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದ. ಅಷ್ಟಾದರೂ ನಾನು ಬಾಯಿಗೆ ಬಂದಂತೆ ಬೈದೆ, ಆಮೇಲೆ ಅತ್ತೆ. ವಿಷಯ ತಿಳಿದಾಗ ಅವನ ಮುಖ ಸಣ್ಣಗಾಯಿತು. "ಮತ್ತ ನನಗ್ಯಾಕ ಹೇಳ್ಲಿಲ್ಲಕ್ಕ?" ಅಂದ.

ಮರುದಿನ ಅವನೂ ಕಾರು ಹತ್ತಿದ. ಆಸ್ಪತ್ರೆಯಲ್ಲಿ ಕೈ ಮುಗಿದು, "ಗೆರಿ ಎಲ್ಲೆಲ್ಲಿ ಇದ್ವು ಅಂತ ನನಗ ನೆಪ್ಪೈತ್ರಿ. ನಾ ಬರದು ತೋರಿಸ್ತೀನ್ರಿ" ಅಂದ. ನೂರು ಕುರಿಯ ಮುಖ ಬೇರೆಬೇರೆಯಾಗಿ ನೆನಪಿಡುವವನು ಅವನು; ಬರೆದೂ ಬಿಡುತ್ತಿದ್ದನೇನೋ. ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ನೆನಪು ಸರಿಯಿರಬಹುದಪ್ಪ. ಆದ್ರೆ ಬೆರಳಗಲ ತಪ್ಪಿದ್ರೂ ಕಿರಣ ಒಳ್ಳೆ ಮೂಳೆಗೆ ಬೀಳತ್ತೆ" ಅಂದು, ಇನ್ನೊಮ್ಮೆ ಮತ್ತು ಬರಿಸಿ ಸ್ಕ್ಯಾನ್ ಮಾಡಿ ಹೊಸದಾಗಿ ಗೆರೆ ಎಳೆಯಬೇಕೆಂದರು. ವಯಸ್ಸಾದ ನಾಯಿ, ಮತ್ತಿನಿಂದ ಏಳದೆಯೂ ಇರಬಹುದು ಎಂದೂ ಬಿಡಿಸಿ ಹೇಳಿದರು. ಆದರೂ "ಮಾಡಿ" ಅಂದೆ. ಒಳಗೆ ಅವಳು ಒಬ್ಬಳೇ ಮಲಗಿದ್ದಳು. ಹೊರಗೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ, ಚಿಕ್ಕವರಿದ್ದಾಗಲೂ ಕೂರದಷ್ಟು ಹತ್ತಿರ ಕೂತಿದ್ದೆವು. ಬಾಗಿಲು ತೆರೆದು ಕೆಂಚಿ ತೂರಾಡುತ್ತ ಹೊರಬಂದಾಗ ಈರಣ್ಣ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಆಮೇಲೆ ಮೂರು ವಾರ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ನನ್ನ ಜಗುಲಿಯಲ್ಲೇ ಬೀಡುಬಿಟ್ಟ. ಎದುರುಮನೆಯಾಕೆ ಅರಿಶಿನ ಹಚ್ಚಲು ಬಂದರೆ, "ಮುಟ್ಟಬ್ಯಾಡ್ರಿ, ಅದು ಡಾಕ್ಟರ್ ಗುರುತು" ಅನ್ನುತ್ತಿದ್ದ. ನೇಮಕಲ್ಲಿಗೆ ಹೋಗಿ ಆಂಜನೇಯನ ಸಿಂಧೂರ ತಂದವನು ಅದನ್ನೂ ಹಣೆಗಷ್ಟೇ ಇಟ್ಟ. ಕಾಲಿನ ಹತ್ತಿರ ದೇವರನ್ನೂ ಬಿಡಲಿಲ್ಲ. ಚರ್ಮ ಕೆಂಪಾಯಿತು, ಕೂದಲು ಉದುರಿತು, ಗೆರೆ ಮಾತ್ರ ಕದಲಲಿಲ್ಲ. ನಾಲ್ಕೂ ವಾರ ಮುಗಿಸಿದೆವು.

ಮತ್ತೆ ಬರಬಹುದು, ತಿಂಗಳಿಗೊಮ್ಮೆ ಮೈ ಸವರಿ ನೋಡುತ್ತಿರಿ ಅಂದಿದ್ದರು. ನಾನು ಬಾಚುವುದು ಅದಕ್ಕೊಂದು ನೆವ. ಇವತ್ತು ಬಲಗಾಲಿನ ಸಂದಿಯಲ್ಲಿ ಬೆರಳಿಗೆ ಕಡಲೆ ಕಾಳಿನಷ್ಟು ಏನೋ ಸಿಕ್ಕಿತು. ಬರೀ ಕೊಬ್ಬಿರಬಹುದು. ತಿದ್ದದ ಉತ್ತರಪತ್ರಿಕೆಗಳು ಮೇಜಿನ ಮೇಲಿದ್ದವು, ಸೋಮವಾರ ನೋಡೋಣ ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿ ಮೊದಲು ಆಸ್ಪತ್ರೆಗೆ, ಆಮೇಲೆ ತಮ್ಮನಿಗೆ ಫೋನ್ ಮಾಡಿದೆ.

ಅವನು ಮೊದಲು ಕೇಳಿದ್ದು ಇದನ್ನೇ: "ಮುದುಕಿ ಆಗ್ಯಾಳಕ್ಕ. ತಡಕೊಂತಾಳಾ?"

"ಗೊತ್ತಿಲ್ಲ ಈರಣ್ಣ. ನಾನಂತೂ ಡಾಕ್ಟರನ್ನ ಕೇಳದೆ ಕೂರಲ್ಲ."

"ಹಂಗಾರ ನಾ ಹೊಂಟೆ. ನನ್ನ ಬಿಟ್ಟು ಹೋಗಬ್ಯಾಡ."

ರಜೆ ಚೀಟಿ ಬರೆದಾಯಿತು. ಕೆಂಚಿ ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಾಳೆ, ನಾಲ್ಕೂ ಕಾಲಿನ ಮೇಲೆ.