ಕೈಗಡದ ಡ್ರಮ್ಮು

ಆಸ್ಪತ್ರೆಯ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಯಾರೋ ಹೆಸರು ಹಿಡಿದು ಕರೆದಷ್ಟು ಖುಷಿಯಾಗುತ್ತದೆ. ನಮ್ಮ ಮನೆಯವರು ಇದಕ್ಕೆ ಹುಚ್ಚು ಅನ್ನುತ್ತಾರೆ. ಅನ್ನಲಿ ಬಿಡಿ, ಅವರಿಗೇನು ಗೊತ್ತು? ನಾನು ಬಿ.ಎಸ್ಸಿ. ಮುಗಿಸಿ ಮೊದಲು ಸೇರಿದ್ದೇ ಕೊಪ್ಪಳದ ಒಂದು ಕೆಮಿಕಲ್ ಅಂಗಡಿಗೆ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು ಬಂದವು, ಇನ್ನೇನು ಮನೆಗೊಂದು ನೌಕರಿ ಸಿಕ್ಕೇಬಿಟ್ಟಿತು ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಯಲಬುರ್ಗಾ ಕಡೆಯ ಒಕ್ಕಲುತನದ ನಮ್ಮಪ್ಪ, "ಸರ್ಕಾರದ್ದು ಸಿಗೋತನಕ ಇದರಾಗ ಇರವಾ, ಸುಮ್ಮನ ಮನ್ಯಾಗ ಕುಂತು ಏನ್ ಮಾಡ್ತಿ" ಎಂದ. ನಮ್ಮೂರು ಕುಕನೂರಿನಿಂದ ದಿನಾ ಬಸ್ಸಿಗೆ ಹೋಗಿ ಬರತೊಡಗಿದೆ. ಸರ್ಕಾರದ್ದು ಸಿಗಲೇ ಇಲ್ಲ. ಅದಕ್ಕಾಗಿ ನನಗೆ ಒಂದು ದಿನವೂ ದುಃಖವಾಗಿಲ್ಲ.

ನಮ್ಮ ಸಾವ್ಕಾರ್ರು ಭಾರಿ ದೇಹದ, ಸಣ್ಣ ದನಿಯ ಮನುಷ್ಯ. ನೇಕಾರರಿಗೆ ಬಣ್ಣ, ಪಂಚಾಯಿತಿಗಳಿಗೆ ಬ್ಲೀಚಿಂಗ್ ಪೌಡರ್, ಸಾಬೂನು ಮಾಡುವವರಿಗೆ ಕಾಸ್ಟಿಕ್ ಸೋಡಾ ಮಾರುತ್ತಿದ್ದರು. ಇವುಗಳ ಜತೆಗೆ ಮುಂಬೈಯಿಂದ ಡ್ರಮ್ಮುಗಳಲ್ಲಿ ಬರುತ್ತಿದ್ದ ಒಂದು ದ್ರವವಿತ್ತು, ಟ್ರೈಎಥನಾಲಮೀನ್ ಅಂತ. ಜೇನಿನ ಹಾಗೆ ಮಂದ. ಮುಖಕ್ಕೆ ಹಚ್ಚುವ ಸ್ನೋ ತಯಾರಿಸಲು ಅದು ಬೇಕು, ಲೇಥ್ ಯಂತ್ರಕ್ಕೆ ಹಾಕುವ ಎಣ್ಣೆಗೂ ಬೇಕು. ನಮ್ಮಲ್ಲಿ ಅದನ್ನು ಹೆಚ್ಚು ಕೊಳ್ಳುತ್ತಿದ್ದವಳು ಕುಷ್ಟಗಿಯ ಒಬ್ಬ ಅಕ್ಕ. ಮನೆಯಲ್ಲೇ ನಾಲ್ಕಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸ್ನೋ ಮಾಡಿ ಸಂತೆಗಳಿಗೆ ಕಳಿಸುತ್ತಿದ್ದಳು. ಆ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ತಿರುಗಲಿಲ್ಲ. "ಆ ಜೇನಿನಂಥಾದ್ದು ಕಳಸವಾ" ಅನ್ನುತ್ತಿದ್ದಳು.

ಗಂಗಾವತಿಯಲ್ಲಿ ಇದೇ ವ್ಯಾಪಾರದ ಇನ್ನೊಬ್ಬರಿದ್ದರು. ನಮ್ಮ ಸಾವ್ಕಾರ್ರ ಬಾಲ್ಯದ ಗೆಳೆಯ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಬೇರೆ ಊರಿನಲ್ಲಾದರೆ ಒಂದೇ ಮಾಲಿನ ಇಬ್ಬರು ವ್ಯಾಪಾರಿಗಳು ಹಾವು ಮುಂಗುಸಿ. ಇವರದು ಕೈಗಡದ ಸಂಬಂಧ. ಹಿಟ್ಟು ತೀರಿದರೆ ಪಕ್ಕದ ಮನೆಯಿಂದ ಒಂದು ಬೋಗುಣಿ ತರುತ್ತೇವಲ್ಲ, ಹಾಗೆ ಇವರಲ್ಲಿ ಮಾಲು ತೀರಿದರೆ ಅವರಿಂದ ಒಂದು ಡ್ರಮ್ಮು, ಅವರಲ್ಲಿ ತೀರಿದರೆ ಇವರಿಂದ. ಹೊಸ ಮಾಲು ಬಂದಾಗ ತಿರುಗಿ ಕೊಡುವುದು. ಬಿಲ್ಲಿಲ್ಲ, ಚೀಟಿಯಿಲ್ಲ. ಚೀಟಿ ಕೇಳುವುದೆಂದರೆ ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ನಮ್ಮ ಕಡೆ ಹಾಗೆ ಕೇಳಿಸಿಕೊಂಡವರು ಮತ್ತೆ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಡ್ರಮ್ಮು ತಂದ ಟೆಂಪೋದಲ್ಲೇ ಕಾಕಾನೂ ಬಂದಿಳಿಯುತ್ತಿದ್ದರು. "ಎಲ್ಲಿ ಅದಾನ ನಿಮ್ಮ ಕುಂಭಕರ್ಣ?" ಎಂದು ಬಾಗಿಲಲ್ಲೇ ಗದ್ದಲ. ಆಮೇಲೆ ಇಬ್ಬರೂ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ ತರಿಸಿಕೊಂಡು ಕೂತರೆ ಗಿರಾಕಿ ಬಂದರೂ ಏಳುತ್ತಿರಲಿಲ್ಲ. ಎಲ್ಲ ನಾನೇ ತೂಗಿ ಕೊಡಬೇಕು. ಬಯ್ದುಕೊಂಡೇ ತೂಗುತ್ತಿದ್ದೆ, ಆದರೆ ಕಿವಿ ಅವರ ಮಾತಿನ ಕಡೆಗೇ ಇರುತ್ತಿತ್ತು.

ಹೀಗಿರುವಾಗ ಮುಂಬೈಯ ನಮ್ಮ ಸರಬರಾಜುದಾರರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸಿದ ಒಪ್ಪಂದ, ಅದಕ್ಕಾಗಿ ನಮ್ಮ ದೇಶದ ಕಾಯ್ದೆ ಎಂದೆಲ್ಲ ಇತ್ತು. ಹಿಂದೆ ನಿಮಗೆ ಕಳಿಸಿದ ಟ್ರೈಎಥನಾಲಮೀನ್ ಡ್ರಮ್ಮುಗಳನ್ನು ಯಾರು ಕೊಂಡರು, ಯಾತಕ್ಕೆ ಬಳಸಿದರು ಎಂದು ಬಳಸಿದವರ ಸಹಿಯೊಂದಿಗೆ ತಿಳಿಸಿ, ಅಲ್ಲಿಯತನಕ ಹೊಸ ಮಾಲು ಇಲ್ಲ ಎಂದು ಬರೆದಿದ್ದರು. ಅಸ್ತ್ರ ಅನ್ನುವ ಮಾತು ಕೇಳಿದ್ದೇ ತಡ ಸಾವ್ಕಾರ್ರು ಬೆವತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಯವ್ವಾ, ನಾವೇನು ಬಾಂಬ್ ಮಾಡೀವೇನ? ಮಾರಿಗೆ ಹಚ್ಚೂ ಸ್ನೋ ಅಲ್ಲೇನ ಇದು?" ಎಂದರು.

ಕೂರಿಸಿ ತಿಳಿಸಿ ಹೇಳಿದೆ. ಸ್ನೋ ಆಗುವ ಈ ದ್ರವವೇ ಕೆಟ್ಟವರ ಕೈಗೆ ಸಿಕ್ಕರೆ ಮನುಷ್ಯರನ್ನು ಸುಡುವ ವಿಷ ಮಾಡುವುದಕ್ಕೂ ಬರುತ್ತದಂತೆ. ಹಿಂದೊಮ್ಮೆ ಎಲ್ಲೋ ಇಂಥ ವಿಷಕ್ಕೆ ಸಣ್ಣ ಕೂಸುಗಳೂ ಸತ್ತವೆಂದು ಪತ್ರಿಕೆಯಲ್ಲಿ ಇದ್ದದ್ದನ್ನೂ ಓದಿ ಹೇಳಿದೆ. ಆದ್ದರಿಂದ ಪ್ರತಿ ದೇಶವೂ ಇಂಥ ಪದಾರ್ಥ ಎಷ್ಟು ತಯಾರಾಯಿತು, ಹೊರಗಿನಿಂದ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು ಎಂದು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಒಂದು ದೇಶ ಕಳಿಸಿದ್ದೇವೆ ಅಂದದ್ದಕ್ಕೂ ಇನ್ನೊಂದು ದೇಶ ತರಿಸಿಕೊಂಡೆವು ಅಂದದ್ದಕ್ಕೂ ತಾಳೆ ಬೀಳಬೇಕು. ನಮ್ಮಂಥ ಸಣ್ಣ ಅಂಗಡಿಯ ತನಕ ಕಾಯ್ದೆ ನೇರವಾಗಿ ಬರುತ್ತಿರಲಿಲ್ಲ. ಆದರೆ ಪರದೇಶದಿಂದ ತರಿಸುತ್ತಿದ್ದ ಮುಂಬೈಯವರು ದಿಲ್ಲಿಗೆ ಉತ್ತರ ಕೊಡಬೇಕಿತ್ತು. ಎಲ್ಲಿ ಯಾವ ತೊಡಕು ಬಂದೀತೋ ಎಂದು ಅವರು ನಮ್ಮ ಕೊರಳಿಗೂ ಗಂಟೆ ಕಟ್ಟಿದ್ದರು.

ಕುಷ್ಟಗಿ ಅಕ್ಕ ಹಾಸ್ಯ ಮಾಡುತ್ತಲೇ ಸಹಿ ಹಾಕಿಕೊಟ್ಟಳು. ಉಳಿದವರದೂ ಬಂತು. ಒಂದೇ ಒಂದು ಡ್ರಮ್ಮಿಗೆ ಮಾತ್ರ ಗಿರಾಕಿಯ ಹೆಸರಿಲ್ಲ. ಸಾವ್ಕಾರ್ರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದರು. ಕೊನೆಗೆ ಬಾಯಿಬಿಟ್ಟರು. "ಅದು ಗಂಗಾವತಿಗೆ ಕೈಗಡ ಹೋಗೇತಿ."

"ಇಷ್ಟ ಹೌದಲ್ರಿ? ಕಾಕಾಗ ಫೋನ್ ಮಾಡ್ರಿ, ಒಂದು ಚೀಟಿ ಕಳಸ್ತಾರ."

"ಚೀಟಿ? ಅವನ ಕಡೆಯಿಂದ? ನಾ ಕೇಳ್ಲಿ?"

"ಹಂಗಾರ ಅದೂ ಅಕ್ಕನ ಹೆಸರಿಗೆ ಬರದಬಿಡ್ತೀನಿ ತಗೋರಿ. ಯಾರು ನೋಡಾಕ ಬರ್ತಾರ?"

ಸಾವ್ಕಾರ್ರು ಎಂದೂ ನನ್ನ ಮೇಲೆ ಸಿಟ್ಟು ಮಾಡಿದವರಲ್ಲ. ಅವತ್ತು ಚಶ್ಮಾ ತೆಗೆದು ಕೆಳಗಿಟ್ಟರು. "ಎಲ್ಲೋ ಸಣ್ಣ ಕೂಸುಗಳೂ ಇಂಥಾ ವಿಷದಾಗ ಸತ್ತಾವು ಅಂತ ನೀನ ಓದಿ ಹೇಳೀದಿ. ಮತ್ತ ಹಂಗ ಆಗಬಾರದು ಅಂತ ಇಡೀ ಜಗತ್ತು ಲೆಕ್ಕ ಇಡಾಕತ್ತೈತಿ. ಅದರಾಗ ನಂದೊಂದು ಸುಳ್ಳು ಸೇರಬಾರದವಾ" ಎಂದರು.

ಸುಳ್ಳು ಬರೆಯುವ ಹಾಗಿಲ್ಲ, ಗೆಳೆಯನನ್ನು ಕೇಳುವ ಹಾಗಿಲ್ಲ. ಅತ್ತ ಕುಷ್ಟಗಿ ಅಕ್ಕನದು, ಲಗ್ನದ ದಿನಗಳು ಬಂದವು, ಮಾಲು ಯಾವಾಗ ಎಂದು ದಿನಾ ಫೋನು. ಸಾವ್ಕಾರ್ರಿಗೆ ವ್ಯಾಪಾರ ನಿಂತದ್ದಕ್ಕಿಂತ, ಇರುವ ಒಬ್ಬ ಗೆಳೆಯ ಕೈಬಿಟ್ಟು ಹೋದಾನು ಎಂಬ ಹೆದರಿಕೆಯೇ ದೊಡ್ಡದು. ರಾತ್ರಿ ನಿದ್ದೆಯಿಲ್ಲ ಎಂದು ಅವರ ಮನೆಯವರೇ ಬಂದು ನನ್ನ ಹತ್ತಿರ ಹೇಳಿಕೊಂಡರು. ಕೊನೆಗೆ ಒಂದು ಮುಂಜಾನೆ, "ನಡಿಯವಾ, ಹೋಗಿ ಬರೂಣು, ನೀನೂ ಇರು" ಎಂದು ನನ್ನನ್ನೂ ಬಸ್ಸು ಹತ್ತಿಸಿಕೊಂಡು ಗಂಗಾವತಿಗೆ ಹೊರಟರು.

ಕಾಕಾ ಕುಣಿದಾಡಿದರು. ಊಟಕ್ಕೆ ಹೋಳಿಗೆಯೇ ಆಯಿತು. ಸಾವ್ಕಾರ್ರು ಕಾಲುವೆ ನೀರಿನ ಬಗ್ಗೆ ಮಾತಾಡಿದರು, ಭತ್ತದ ಧಾರಣೆ ಕೇಳಿದರು, ಕಾಕಾನ ಸೊಸೆಯ ತವರಿನವರ ಕ್ಷೇಮವನ್ನೂ ವಿಚಾರಿಸಿದರು. ಚೀಟಿಯ ಮಾತು ಮಾತ್ರ ಗಂಟಲಲ್ಲೇ. ನಾನು ಕೆಮ್ಮಿದೆ. ನೀರು ಕುಡಿ ಅಂದರು. ಮತ್ತೆ ಕೆಮ್ಮಿದೆ. ಕಾಕಾ ಒಳಗಿನಿಂದ ಬೆಲ್ಲ, ಶುಂಠಿ ತರಿಸಿಕೊಟ್ಟರು. ಬಿಸಿಲು ಇಳಿಯತೊಡಗಿತು. ನನಗೆ ಕುಕನೂರಿನ ಬಸ್ಸಿನ ಚಿಂತೆ. ತಡೆಯಲಾರದೆ ಚೀಲದಿಂದ ಕಾಗದ ತೆಗೆದು ಕಾಕಾನ ಮುಂದಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಸಾವ್ಕಾರ್ರು ನೆಲ ನೋಡುತ್ತ ಕೂತರು.

ಕಾಕಾನ ಮುಖ ಕೆಂಪಾಯಿತು. "ಲೇ, ಮುಂಜಾನಿಂದ ಉಂಡು ತಿಂದು ಕುಂತೀದಿ. ಇದನ್ನ ಕೇಳಾಕ ನಿನಗ ಬಾಯಿ ಬರಲಿಲ್ಲೇನೋ? ನಾ ಅಷ್ಟು ಹೊರಗಿನವ ಆದ್ನೇನು?" ಎಂದು ಗುಡುಗಿದರು. ಸಾವ್ಕಾರ್ರ ಕಣ್ಣು ತುಂಬಿದವು. ನನಗೂ ಎದೆ ಹಗುರಾಯಿತು. ಮುಗಿಯಿತಪ್ಪ, ಸಹಿ ಒಂದು ಬಿದ್ದರೆ ಬಸ್ಸು ಸಿಗುತ್ತದೆ ಅಂದುಕೊಂಡೆ.

ಎಲ್ಲಿ ಮುಗಿಯುತ್ತದೆ! ಕಾಕಾ ಪೆನ್ನು ಹಿಡಿದವರು ಹಾಗೇ ನಿಂತರು. "ಬಳಸಿದವರ ಸಹಿ ಅಂತೈತಲ್ಲೋ. ನಾ ಎಲ್ಲಿ ಬಳಸೀನಿ? ಅದನ್ನ ನಾ ಸಿದ್ದಾಪುರದವಗ ಕೈಗಡ ಕೊಟ್ಟೀನಿ" ಎಂದರು.

ಸಿದ್ದಾಪುರದವರೆಂದರೆ ಲೇಥ್ ಅಂಗಡಿಗಳಿಗೆ ಎಣ್ಣೆ ಬೆರೆಸಿ ಕೊಡುವ ಯಜಮಾನರು. ಅವರ ಹಿರಿಯರು ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರು. "ಅದಕ್ಕೇನು, ಈಗ ಹೋಗೂಣು ನಡೀರಿ. ಕೇಳಾಕ ಹೆಂಗ ಕೇಳ್ಬೇಕು ಅಂತ ನಿನಗ ತೋರಸ್ತೀನಿ" ಎಂದು ಕಾಕಾ ಜೀಪು ತರಿಸಿದರು. ದಾರಿಯುದ್ದಕ್ಕೂ ಗೆಳೆಯನಿಗೆ ಉಪದೇಶವೇ ಉಪದೇಶ.

ಸಿದ್ದಾಪುರದ ಯಜಮಾನರು ಮೂವರನ್ನೂ ಜಮಖಾನ ಹಾಸಿ ಕೂರಿಸಿದರು. ಕಾಕಾ ಗಂಟಲು ಸರಿಮಾಡಿಕೊಂಡು ಕಾಲುವೆ ನೀರಿನ ಮಾತು ತೆಗೆದರು! ಆಮೇಲೆ ಭತ್ತದ ಧಾರಣೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸಾವ್ಕಾರ್ರು ಮೀಸೆಯಲ್ಲೇ ನಗುತ್ತಿದ್ದರು. ಅತ್ತ ಯಜಮಾನರ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ಯಾವ ಊರು, ಯಾರ ಪೈಕಿ, ರೊಟ್ಟಿ ಬಡಿಯಾಕ ಬರ್ತೈತೇನು ಎಂದು ಒಂದೊಂದೇ ಕೇಳತೊಡಗಿದರು. ನನಗೆ ರೇಗಿಹೋಯಿತು. "ನೋಡ್ರಿ ಯಜಮಾನ್ರ, ನಿಮಗ ಕೈಗಡ ಬಂದ ಡ್ರಮ್ಮಿಗೆ ಒಂದು ಸಹಿ ಬೇಕಾಗೇತ್ರಿ" ಎಂದು ಕಾಗದ ಚಾಚಿದೆ.

"ಇಂತೇನಾ! ಇಷ್ಟೇನಾ!" ಎಂದು ಆ ಮನುಷ್ಯ ತೊಡೆ ತಟ್ಟಿಕೊಂಡು ನಕ್ಕರು. "ಹಿರೇರಿಬ್ಬರು ಹುಡುಗೀನ ಕರ್ಕೊಂಡು ಬಂದು ಮಾತು ಆಡ್ಲಾರದ ಕುಂತಾರ, ನಮ್ಮ ಹುಡುಗಗ ತೋರಸಾಕ ಬಂದಾರ ಅಂತ ತಿಳದ್ನಲ್ರಿ ನಾನು! ಒಳಗ ಅವಲಕ್ಕಿಗೆ ಒಗ್ಗರಣಿ ಬಿದ್ದೈತಿ."

ಸಹಿ ಬಿತ್ತು. ಅವಲಕ್ಕಿ ತಿಂದೆವು. ನಾನು ತಲೆ ಎತ್ತಲಿಲ್ಲ.

ತಿರುಗಿ ಗಂಗಾವತಿ ಬಸ್ ನಿಲ್ದಾಣಕ್ಕೆ ಬಂದಾಗ ಕಾಕಾ ಮೆತ್ತಗಾಗಿದ್ದರು. "ಇನ್ನ ಮ್ಯಾಲೆ ಕೈಗಡ ಬ್ಯಾಡೋ ಮಾರಾಯಾ. ನೀ ನನ್ನ ಕೇಳಾಕ ಒದ್ದಾಡೂದು, ನಾ ಇನ್ನೊಬ್ಬರನ್ನ ಕೇಳಾಕ ಒದ್ದಾಡೂದು. ಬ್ಯಾನಿ ಯಾಕ ಬೇಕು? ಅವರವರ ಮಾಲು ಅವರವರು ತರಿಸಿಕೊಳ್ಳೂಣು" ಎಂದರು. "ಆತು ಬಿಡಪಾ" ಎಂದರು ಸಾವ್ಕಾರ್ರು. ಸಿಟ್ಟಿನಿಂದ ಆಡಿದ ಮಾತಲ್ಲ, ಒಬ್ಬರಿಗೊಬ್ಬರು ಮುಜುಗರ ತಪ್ಪಿಸಲು ಮಾಡಿದ ಉಪಕಾರ ಅದು. ಬಸ್ಸಿನಲ್ಲಿ ಸಾವ್ಕಾರ್ರು ನನ್ನ ಮದುವೆಯ ವಿಷಯ ಎತ್ತಿ ಕೊಪ್ಪಳದ ತನಕ ಕಾಡಿದರು.

ಮಾಲು ಬಂತು, ಕುಷ್ಟಗಿ ಅಕ್ಕನ ಸ್ನೋ ಲಗ್ನದ ಮನೆಗಳಿಗೆ ಹೋಯಿತು. ಅಲ್ಲಿಂದಾಚೆ ಪ್ರತಿ ಡ್ರಮ್ಮಿಗೂ ಕಾಗದ. ನಾನೇ ಬರೆದು ಕಳಿಸುತ್ತಿದ್ದೆ. ದಿಲ್ಲಿಯವರು ಕೂಡಿಸುವ ಇಡೀ ದೇಶದ ಲೆಕ್ಕದಲ್ಲಿ ನಮ್ಮ ಕುಷ್ಟಗಿಯ ಸ್ನೋನೂ ಒಂದು ಕಾಳಿನಷ್ಟು ಇದೆಯಲ್ಲ ಎಂದು ಒಳಗೊಳಗೇ ಹೆಮ್ಮೆ ನನಗೆ. ಸಾವ್ಕಾರ್ರು ಯಾವಾಗಲೂ ಮಾಲು ತೀರದ ಹಾಗೆ ಮೊದಲೇ ತರಿಸಿ ಗೋದಾಮಿನಲ್ಲಿ ಇಡತೊಡಗಿದರು. ಗಂಗಾವತಿಯಲ್ಲೂ ಹಾಗೇ.

ಕೈಗಡ ನಿಂತ ಮೇಲೆ ಟೆಂಪೋ ನಿಂತಿತು. ಟೆಂಪೋ ನಿಂತ ಮೇಲೆ ಕಾಕಾ ಬರುವುದೂ ನಿಂತಿತು. ಜಗಳವಿಲ್ಲ, ಏನಿಲ್ಲ. ಕೆಲಸವಿಲ್ಲದೆ ಸುಮ್ಮನೆ ನೋಡಲು ಹೋಗುವುದು ಆ ಇಬ್ಬರಿಗೂ ಗೊತ್ತೇ ಇರಲಿಲ್ಲ. ಮದುವೆಯಲ್ಲೋ, ಯಾರನ್ನಾದರೂ ಮಣ್ಣು ಮಾಡುವಾಗಲೋ ಭೇಟಿಯಾದರೆ ಆದರು. ಮಧ್ಯಾಹ್ನ ಬಾಗಿಲಲ್ಲಿ ಯಾವ ಗಾಡಿ ನಿಂತರೂ ಸಾವ್ಕಾರ್ರು ಕತ್ತು ಎತ್ತಿ ನೋಡುತ್ತಿದ್ದರು. ಮಿರ್ಚಿ ತರಿಸುವುದನ್ನೇ ಬಿಟ್ಟರು. ಕಾಯ್ದೆಯ ಮೇಲೆ ಸಿಟ್ಟು ಮಾಡೋಣವೆಂದರೆ ಅದು ಹೇಳಿದ್ದರಲ್ಲಿ ತಪ್ಪೇನೂ ಕಾಣದು. ಈ ಇಬ್ಬರು ಮುದುಕರ ಮೇಲೆ ಸಿಟ್ಟು ಮಾಡಿದರೆ ಪ್ರಯೋಜನವಿಲ್ಲ. ಹೀಗೇ ವರ್ಷಗಳು ಹೋದವು.

ಒಂದು ದಿನ ಮುಂಜಾನೆ ಅಂಗಡಿಗೆ ಬಂದವರೇ ಸಾವ್ಕಾರ್ರು ಫೋನು ಎತ್ತಿಕೊಂಡರು. "ಒಂದು ಡ್ರಮ್ಮು ಕೈಗಡ ಬೇಕಾಗಿತ್ತಲ್ಲೋ" ಎಂದರು. ನಾನು ಬೆಚ್ಚಿದೆ. ಹಿಂದಿನ ವಾರವಷ್ಟೇ ಹೊಸ ಮಾಲು ಇಳಿದಿತ್ತು. ಆ ಕಡೆಯಿಂದ ಕಾಕಾ ಏನೋ ಕೇಳಿದರು. ಇವರು ಸಣ್ಣ ದನಿಯಲ್ಲಿ, "ಹೌದು, ಚೀಟಿ ಬೇಕಾಗ್ತೈತಿ. ನೀನ ಬಂದು ಸಹಿ ಮಾಡ್ಬೇಕಪಾ, ಆಳಿನ ಕೈಯಾಗ ಕಳಸಿದ್ರ ನಡಿಯಾಂಗಿಲ್ಲ. ಸರ್ಕಾರದ ಕಾನೂನು ಹಂಗೈತಿ" ಎಂದು ಫೋನು ಇಟ್ಟರು. ಅಂಥ ಕಾನೂನು ಎಲ್ಲಿಯೂ ಇರಲಿಲ್ಲ. ಸುಳ್ಳು ಸೇರಬಾರದು ಅಂದಿದ್ದ ಮನುಷ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟೆಂಪೋ ಬಂತು. ಕಾಕಾ ಬಹಳ ಇಳಿದುಹೋಗಿದ್ದರು, ಕೈಯಲ್ಲಿ ಕೋಲು. ಡ್ರಮ್ಮು ಇಳಿಸಲು ಹಮಾಲರ ಜತೆ ತಾವೇ ಗೋದಾಮಿಗೆ ಹೋದರು. ನಾನು ಹಿಂದೆ ಓಡಿದೆ, ತಡೆಯಲು ಆಗಲಿಲ್ಲ. ಬಾಗಿಲು ತೆರೆದರೆ ಒಳಗೆ ಗೋಡೆಯಿಂದ ಗೋಡೆಗೆ ಸೀಲು ಒಡೆಯದ ಡ್ರಮ್ಮುಗಳು. ಕಾಕಾ ಕೋಲಿನಿಂದ ಒಂದೆರಡನ್ನು ತಟ್ಟಿ ನೋಡಿದರು. ಇನ್ನೇನು ಗುಡುಗುತ್ತಾರೆ ಅಂದುಕೊಂಡೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಹಮಾಲರಿಗೆ ತಮ್ಮ ಡ್ರಮ್ಮಿಗೂ ಅಲ್ಲೇ ಒಂದಿಷ್ಟು ಜಾಗ ಮಾಡಿ ಇಡಲು ಹೇಳಿದರು. ಆಮೇಲೆ ಅಂಗಡಿಯೊಳಗೆ ಬಂದು ನಮ್ಮ ಸಾವ್ಕಾರ್ರ ಎದುರಿಗೆ ಕೂತರು.

"ಎಲ್ಲಿ ಮಾಡ್ಬೇಕೋ ಸಹಿ? ಲಗೂನ ತೋರಸು, ಹೊಟ್ಟಿ ಹಸದೈತಿ."