ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟ ಮದುವೆ

ಬಹಳ ದಿನ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ಆನ್ ಮಾಡಿದರೆ ಅದರ ಪಕ್ಕದ ಕಿಂಡಿಯಿಂದ ಕಾದ ಧೂಳಿನ ವಾಸನೆ ಬರುತ್ತದೆ. ಸ್ವಲ್ಪ ಇಸ್ತ್ರಿ ಪೆಟ್ಟಿಗೆಯಂತೆ, ಸ್ವಲ್ಪ ಬರಿ ಹಂಚು ಕಾದಂತೆ. ಇವತ್ತು ಬೆಳಿಗ್ಗೆ ಸಿಂದಗಿಯ ನಮ್ಮ ಸ್ಟುಡಿಯೋದಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಬೆವರಿತು. ಮೂಗಿಗೂ ಅಂಗೈಗೂ ಇಷ್ಟು ಹತ್ತಿರದ ಸಂಬಂಧವಿದೆ ಎಂದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯ ಒಂದು ಮದುವೆಯಲ್ಲಿ.

ಮದುವೆಗಳ ವಿಡಿಯೋ ತೆಗೆಯುವುದು ನಮ್ಮ ಉದ್ಯೋಗ. ಕ್ಯಾಮೆರಾ ನಮ್ಮನೆಯವರದು, ಲ್ಯಾಪ್‌ಟಾಪ್ ನನ್ನದು. ಮೂರು ಕ್ಯಾಮೆರಾಗಳ ಚಿತ್ರವನ್ನು ಕೂಡಿಸಿ, ದೂರದಲ್ಲಿ ಕುಳಿತವರಿಗೆ ಲೈವ್ ಕಳಿಸುವವಳು ನಾನು. ನಾನೇನು ಇಂಜಿನಿಯರಿಂಗ್ ಓದಿದವಳಲ್ಲ. ಮಿಕ್ಸರ್ ಕೆಟ್ಟರೂ ಕಂಪ್ಯೂಟರ್ ಕೆಟ್ಟರೂ ಮೊದಲು ಒಮ್ಮೆ ತಟ್ಟಿ ನೋಡುವುದು ನನ್ನ ಪದ್ಧತಿ. ಅರ್ಧ ಸಲ ಕೆಲಸ ಮಾಡುತ್ತದೆ, ನಗಬೇಡಿ.

ಆ ಮದುವೆ ಹೂವಿನ ಹಿಪ್ಪರಗಿಯ ಶಂಕ್ರಪ್ಪ ಕಾಕಾನ ಮಗಳು ಸಾವಿತ್ರಿಯದು. ಊರಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಕಾಕಾ, ಮದುವೆ ಹತ್ತಿರ ಬಂದಾಗ ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಆಪರೇಷನ್ ಆಯಿತು. ಹಾಸಿಗೆ ಬಿಟ್ಟು ಅಲುಗಾಡಕೂಡದು ಎಂದರು ಡಾಕ್ಟರು. ಮದುವೆ ಮುಂದಕ್ಕೆ ಹಾಕೋಣ ಎಂದು ಹೆಂಡತಿ, ಮಗಳು ಇಬ್ಬರೂ ಅತ್ತು ಕರೆದರೂ ಕಾಕಾ ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ನನಗೆ ಫೋನ್ ಮಾಡಿದ.

"ಯವ್ವಾ, ನೀ ಏನರ ಮಾಡು, ಏನರ ಬಿಡು. ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನನ್ನ ಮಗಳು ನನಗ ಕಾಣಬೇಕು ನೋಡು."

"ಕಾಣ್ತಾಳ್ರಿ ಕಾಕಾ. ನಾ ಅದೀನಲ್ಲ," ಎಂದೆ. ಅಕ್ಷತೆ ಬೀಳುವ ಗಳಿಗೆಯ ಮಾತನ್ನು ಎಷ್ಟು ಸಲೀಸಾಗಿ ಕೊಟ್ಟೆ!

ಮದುವೆ ಬಸವನ ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ. ತಗಡಿನ ಮಾಡು, ಅದರಿಂದ ಇಳಿಬಿಟ್ಟ ಫ್ಯಾನುಗಳು, ಕೆಳಗೆ ಕಿಕ್ಕಿರಿದ ಜನ, ಮೇಲೆ ಬಿಸಿಲು. ನಮ್ಮ ಮೇಜಿಗೆ ಇಂಟರ್ನೆಟ್ಟಿನ ಒಂದು ವೈರು ಎಳೆದುಕೊಟ್ಟಿದ್ದರು. ಫೋನಿನಲ್ಲೇ ವಿಡಿಯೋ ಕಾಲ್ ಮಾಡಿದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿ ನೋಡಿದೆವು. ಆ ತಗಡಿನ ಕೆಳಗೆ ಫೋನಿಗೆ ಸಿಗ್ನಲ್ ಹತ್ತುತ್ತಿರಲಿಲ್ಲ. "ಅಪ್ಪಾ" ಎಂದರೆ ಆ ಕಡೆ "ಪ್ಪಾ" ಮಾತ್ರ ಮುಟ್ಟುತ್ತಿತ್ತು. ಎಲ್ಲ ಭಾರವೂ ನನ್ನ ಲ್ಯಾಪ್‌ಟಾಪಿನ ಮೇಲೆ ಬಿತ್ತು.

ವೈರು ಸಿಕ್ಕಿಸಿ ಸಾಫ್ಟ್‌ವೇರ್ ತೆರೆದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ ಎಂದಿತು. ಇಲ್ಲ ಎಂದರೆ? ನಿನ್ನೆ ಇತ್ತಲ್ಲ! ಆ ಲ್ಯಾಪ್‌ಟಾಪಿನಲ್ಲಿ ಚಿತ್ರದ ಕೆಲಸಕ್ಕೆ ಇಬ್ಬರಿದ್ದರು. ಪ್ರೊಸೆಸರಿನೊಳಗೇ ಇರುವ ಚಿಕ್ಕದೊಂದು. ಭಾರದ ಕೆಲಸವನ್ನೆಲ್ಲ ಹೊರುವ ಬೇರೆಯ ದೊಡ್ಡ ಕಾರ್ಡೊಂದು. ಡಿವೈಸ್ ಮ್ಯಾನೇಜರಿನಲ್ಲಿ ನೋಡಿದರೆ ಚಿಕ್ಕದರ ಹೆಸರು ಮಾತ್ರ ಕೂತಿದೆ. ಅಡಗಿದ್ದನ್ನೂ ತೋರಿಸು ಎಂದಾಗ ದೊಡ್ಡದರ ಹೆಸರು ಬಂತು. ಆದರೆ ಹೇಗೆ? ಮಸುಕಾಗಿ, ಹಿಂದೊಮ್ಮೆ ಈ ಮನೆಯಲ್ಲಿ ಇದ್ದವರ ಹೆಸರಿನಂತೆ.

ಬಂದ್ ಮಾಡಿ ಮತ್ತೆ ಹಚ್ಚಿದೆ. ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಲು ಹೋದೆ; ಹಾಕುವುದಕ್ಕೆ ಕಾರ್ಡೇ ಸಿಗುತ್ತಿಲ್ಲ ಎಂದಿತು. ತಟ್ಟಿಯೂ ನೋಡಿದೆ. ಅಷ್ಟರಲ್ಲಿ ಸಾವಿತ್ರಿಯ ಸೋದರಮಾವ ಮಲ್ಲಣ್ಣ ಮೇಜಿನ ಹತ್ತಿರ ಬಂದು ನಿಂತರು.

"ಏನ್ರಿ ಅಕ್ಕಾರ, ಹಿಪ್ಪರಗಿಯಿಂದ ಫೋನ್ ಬರಾಕತ್ತಾವು. ಶಂಕ್ರಪ್ಪ ಮಾಮಾಗ ಏನೂ ಕಾಣವಲ್ದಂತ. ಹಚ್ಚೀರೋ ಇಲ್ಲೋ?"

"ಹಚ್ಚೇನ್ರಿ, ಒಂದೀಟು ತಡೀರಿ."

ನಮ್ಮನೆಯವರು ಕ್ಯಾಮೆರಾ ಬಿಟ್ಟು ಓಡಿ ಬಂದರು. "ಬ್ಯಾಟರಿ ತಗದು ನೋಡ್ತಿಯೇನು?" ಎಂದರು. ಹಳೆಯ ಲ್ಯಾಪ್‌ಟಾಪುಗಳ ಒಂದು ಪುಣ್ಯವೆಂದರೆ ಬ್ಯಾಟರಿಯನ್ನು ಕೈಯಿಂದಲೇ ತೆಗೆಯಬಹುದು. ಚಾರ್ಜರ್ ಕಿತ್ತೆ, ಬ್ಯಾಟರಿ ಕಿತ್ತೆ, ಒಳಗೆ ಉಳಿದ ಕರೆಂಟೆಲ್ಲ ಇಳಿದುಹೋಗಲಿ ಎಂದು ಪವರ್ ಬಟನ್ನನ್ನು ಉಸಿರು ಬಿಗಿಹಿಡಿದು ಒತ್ತಿಕೊಂಡು ಕುಳಿತೆ. ಎದುರಿಗೆ ಶಹನಾಯಿ ಶುರುವಾಯಿತು. ಮತ್ತೆ ಜೋಡಿಸಿ ಆನ್ ಮಾಡಿದೆ.

ಬಂತು! ದೊಡ್ಡ ಕಾರ್ಡಿನ ಹೆಸರು ಪಟ್ಟಿಯಲ್ಲಿ ಕಪ್ಪಗೆ ಸ್ಪಷ್ಟವಾಗಿ ಮೂಡಿತು. ಮೂರೂ ಕ್ಯಾಮೆರಾ ಕೂಡಿದವು. ಲೈವ್ ಹೋಯಿತು. ಮಲ್ಲಣ್ಣ ಹೊರಗೆ ಹೋಗಿ ಫೋನ್ ಮಾಡಿ ಬಂದು, "ಕಾಣಾಕತ್ತೈತಂತ, ಚಂದ ಕಾಣಾಕತ್ತೈತಂತ," ಎಂದು ನನ್ನ ಮುಂದೆ ಒಂದು ಗ್ಲಾಸ್ ಪಾನಕ ಇಟ್ಟರು. ನಾನು ಅದನ್ನು ಬಾಯಿಗೆ ಎತ್ತಿರಲಿಲ್ಲ, ಈ ಕಾದ ಧೂಳಿನ ವಾಸನೆ ಬಂತು. ಲ್ಯಾಪ್‌ಟಾಪಿನ ಫ್ಯಾನು ಕಿರುಗುಟ್ಟಿತು, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಕಾಯಿತು. ಕಾರ್ಡ್ ಮತ್ತೆ ಮಾಯ.

ಹಸೆಮಣೆಗೆ ಕರೆತರುವ ಮೊದಲು ಸಾವಿತ್ರಿಯನ್ನು ನಮ್ಮ ಮೇಜಿನ ಹಿಂದಿನ ಕೋಣೆಯಲ್ಲಿ ಕೂಡಿಸಿದ್ದರು. ಗಲಾಟೆ ಕೇಳಿ ಬಾಗಿಲಿಗೆ ಬಂದಳು. ಹಣೆಗೆ ಬಾಸಿಂಗ, ಮುಖದ ತುಂಬ ಅರಿಶಿನ, ಕಣ್ಣಲ್ಲಿ ಹೆದರಿಕೆ.

"ಅಪ್ಪಗ ಕಾಣೂದಿಲ್ಲೇನ್ರಿ ಅಕ್ಕಾರ?"

ಆಕೆಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಮೂರು ಕ್ಯಾಮೆರಾದ ಭಾರ ಇದು ಹೊರೂದಿಲ್ಲವ್ವಾ. ಒಂದರ ಭಾರ ಹೊತ್ತೀತು. ಚಿತ್ರ ಸಣ್ಣದಾಗ್ತದ. ಆ ಒಂದು ಕ್ಯಾಮೆರಾ ಎಲ್ಲಿಡ್ಲಿ, ನೀನs ಹೇಳು."

ಅವಳು ಯೋಚಿಸಲು ತಡಮಾಡಲಿಲ್ಲ. "ಅವ್ವನ ಬಾಜೂಕ ಅಪ್ಪನ ಕುರ್ಚಿ ಖಾಲಿ ಇಟ್ಟಾರಲ್ರಿ, ಅದರ ಮ್ಯಾಲ ಇಡ್ರಿ. ಎತ್ತರಕ ಬ್ಯಾಡ. ಅಪ್ಪ ಕುಂತಿದ್ರ ಎಷ್ಟು ಎತ್ತರ ಇರ್ತಿದ್ದ, ಅಷ್ಟs."

ನಮ್ಮನೆಯವರು ಸ್ಟ್ಯಾಂಡನ್ನು ಗಿಡ್ಡ ಮಾಡಿ ಆ ಕುರ್ಚಿಯ ಮೇಲೆ ನಿಲ್ಲಿಸಿದರು. ಕಾಕಾನ ಹೆಂಡತಿ, ಅಂದರೆ ಸಾವಿತ್ರಿಯ ಅವ್ವ, ಅದು ಅಲುಗಾಡದಂತೆ ಸ್ಟ್ಯಾಂಡಿನ ಒಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗಾಗ ಯಾರಾದರೂ ಅಡ್ಡ ಬಂದರೆ, "ಸರೀರಿ ಅತ್ತಾಗ, ನಮ್ಮನೆಯವರಿಗೆ ಕಾಣವಲ್ದು," ಎಂದು ಗದರುತ್ತಿದ್ದಳು. ನಾನು ಚಿತ್ರದ ಅಳತೆ ಇಳಿಸಿದೆ, ಬೇಡದ್ದೆಲ್ಲ ಮುಚ್ಚಿದೆ, ಚಿಕ್ಕ ಗ್ರಾಫಿಕ್ಸಿನ ಮೇಲೆಯೇ ಲೈವ್ ಹಚ್ಚಿದೆ. ಏದುಸಿರು ಬಿಡುತ್ತಾ ಹೊರಟಿತು.

ಮಂಗಳಾಷ್ಟಕ ಶುರುವಾಯಿತು. ಸಾವಿತ್ರಿ ಹಸೆಮಣೆಯ ಮೇಲೆ ನಿಂತು, ಒಮ್ಮೆ ತಲೆ ಎತ್ತಿ ನೇರ ಆ ಕುರ್ಚಿಯ ಕಡೆ ನೋಡಿದಳು. ಆ ಕ್ಷಣಕ್ಕೇ ನನ್ನ ಪರದೆಯ ಮೇಲೆ ಚಿತ್ರ ನಿಂತುಬಿಟ್ಟಿತು.

ಎದುರಿಗೆ ಹುಡುಗಿ ತಲೆ ತಗ್ಗಿಸಿದ್ದಾಳೆ, ಅಳುತ್ತಿದ್ದಾಳೆ. ಪರದೆಯ ಮೇಲೆ ಮಾತ್ರ ಇನ್ನೂ ತಲೆ ಎತ್ತಿ ನೋಡುತ್ತಲೇ ಇದ್ದಾಳೆ. ಕೆಳಗಿನ ಧ್ವನಿಯ ಹಸಿರು ಪಟ್ಟಿ ಮಾತ್ರ ಕುಣಿಯುತ್ತಿತ್ತು. ಅಂದರೆ ಮಂತ್ರ ಹಿಪ್ಪರಗಿಗೆ ಮುಟ್ಟುತ್ತಿದೆ. ಬಂದ್ ಮಾಡಿ ಹಚ್ಚಿದರೆ ಚಿತ್ರ ಓಡಬಹುದು. ಆದರೆ ಲ್ಯಾಪ್‌ಟಾಪ್ ಮತ್ತೆ ಏಳುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮುಗಿದಿರುತ್ತದೆ. ಕಾಕಾನಿಗೆ ಸಿಗುವುದು ಬರೀ ಕಪ್ಪು ಪರದೆ. ಮಲ್ಲಣ್ಣ ಹಿಂದಿನಿಂದ, "ಏನರ ಮಾಡ್ರಿ, ಏನರ ಮಾಡ್ರಿ," ಎನ್ನುತ್ತಿದ್ದರು. ಏನಾದರೂ ಮಾಡುವುದು ಸುಲಭ, ನೋಡಿ. ಏನೂ ಮಾಡದೆ ಕೂಡುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಬ್ಯಾಂಡು ಜೋರಾಯಿತು, ಅಕ್ಕಿಕಾಳು ಬಿದ್ದವು, ನನ್ನ ಕೀಬೋರ್ಡಿನ ಮೇಲೂ ಒಂದಷ್ಟು ಬಿದ್ದವು. ಚಿತ್ರ ಮತ್ತೆ ಓಡಿದ್ದು ಜನ ಊಟಕ್ಕೆ ಎದ್ದ ಮೇಲೆ.

ಹೊರಗೆ ಬಂದು ಹಿಪ್ಪರಗಿಗೆ ಫೋನ್ ಹಚ್ಚಿದೆ. ಕಾಕಾನ ಹತ್ತಿರ ಕುಳಿತಿದ್ದ ಅವನ ತಂಗಿ ಎತ್ತಿದಳು. "ಅಯ್ಯ, ಹಾಸಿಗಿ ತುಂಬ ಅಕ್ಕಿಕಾಳು ಒಗದಾನ ನಮ್ಮ ಅಣ್ಣ! ನನ್ನ ಮಗಳು ನನ್ನ ಮ್ಯಾಗಿನ ಕಣ್ಣು ಕದಲಿಸಲಿಲ್ಲ ಅಂತ ಬಂದವರಿಗೆಲ್ಲ ಹೇಳಾಕತ್ತಾನ." ನಾನು ಫೋನ್ ಇಟ್ಟೆ. ಚಿತ್ರ ನಿಂತಿದ್ದನ್ನು ನಮ್ಮನೆಯವರ ಮುಂದೆ ಮಾತ್ರ ಹೇಳಿದೆ.

ಆಮೇಲೆ ನಾವು ಹೊಸ ಲ್ಯಾಪ್‌ಟಾಪ್ ತಂದೆವು. ಹಳೆಯ ಮದುವೆಗಳು ಮಾತ್ರ ಹಳೆಯದರಲ್ಲೇ ಉಳಿದವು. ಇವತ್ತು ಅದನ್ನು ತೆರೆದದ್ದು ಶಂಕ್ರಪ್ಪ ಕಾಕಾ ಬರುತ್ತೇನೆ ಎಂದು ಫೋನ್ ಮಾಡಿದ್ದಕ್ಕೆ. ಕುರ್ಚಿಯ ಮೇಲಿದ್ದ ಕ್ಯಾಮೆರಾ ತನ್ನೊಳಗೆ ಪೂರ್ತಿ ಚಿತ್ರ ಇಟ್ಟುಕೊಂಡಿತ್ತಲ್ಲ, ಅದು ಬೇಕಂತೆ. ಅದರಲ್ಲಿ ಸಾವಿತ್ರಿ ಅಪ್ಪನ ಕಡೆ ನೋಡುವುದು ಒಂದೇ ಒಂದು ಸಲ. ಕೋಲೂರುತ್ತ ಬಂದು ಕುಳಿತ ಕಾಕಾನಿಗೆ ನೀರು ಕೊಟ್ಟು, ಹಚ್ಚುವ ಮೊದಲೇ ಹೇಳಿಬಿಟ್ಟೆ.

"ಕಾಕಾ, ಅವತ್ತು ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಚಿತ್ರ ನಿಂತುಬಿಟ್ಟಿತ್ರಿ. ಆಕಿ ಅಷ್ಟು ಹೊತ್ತು ನಿಮ್ಮನ್ನ ನೋಡಿರಲಿಲ್ಲ."

ಕಾಕಾ ನೀರು ಕುಡಿದು ಮುಗಿಸಿದ.

"ನನಗ ಗೊತ್ತೈತಿ ಬಿಡವ್ವಾ. ಚಿತ್ರದಾಗ ಆಕಿ ತಲಿಮ್ಯಾಗಿನ ಫ್ಯಾನೂ ನಿಂತಿತ್ತು, ಅಂಥಾ ಸೆಕಿಯೊಳಗ ಯಾರರ ಫ್ಯಾನ್ ಬಂದ್ ಮಾಡ್ತಾರೇನು? ಚಿತ್ರ ನಿಂತಿದ್ದs ಚಲೋ ಆತು. ನನ್ನ ಕಣ್ಣಾಗ ನೀರು ಬಂದುಬಿಟ್ಟಿತ್ತು. ಓಡಿಹೋಗಿದ್ರ ನಾ ಏನ್ ನೋಡ್ತಿದ್ದೆ? ಕಣ್ಣು ಒರಸ್ಕೊಂಡು ನೋಡೂಮಟ ಕಾಯ್ತು ಅದು."

ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, "ಹಚ್ಚು ಈಗ," ಎಂದ. "ಆಕಿ ಅತ್ತಿದ್ದು ನಾ ನೋಡೇ ಇಲ್ಲ."